‘ಓನ್ಲಿ’ಯನ್ನು ಎಲ್ಲಿಡಬೇಕು, ಎಲ್ಲಿ ಬಿಡಬೇಕು?

“ಐ ಆಮ್ ಫ್ರಮ್ ಹಾಸನ ಓನ್ಲಿ ಅಂದರೆ ತಪ್ಪಾ?” “ಮಾತ್ರ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಓನ್ಲಿ ತಾನೇ, ಮತ್ತೆ ನಗುವುದು ಯಾಕೆ?” ಇಂಗ್ಲಿಷ್ ಕಲಿಕೆಯ ಬಗ್ಗೆ ಬರೆಯಲು ಶುರು ಮಾಡಿದಾಗಿನಿಂದ ಈ ಪ್ರಶ್ನೆ ನನಗೆ ಬರುತ್ತಲೇ ಇದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಯಿತು. ಎಲ್ಲವನ್ನೂ ಒಂದೇ ಕಡೆ ಹೇಳಿಬಿಡುತ್ತೇನೆ.

ಚಿಕ್ಕ ಉತ್ತರ ಬೇಕಾದವರಿಗೆ: ಸ್ನೇಹಿತರ ಜೊತೆ ಹಾಗೆ ಮಾತಾಡಿದರೆ ಏನೂ ಮುಳುಗಿಹೋಗುವುದಿಲ್ಲ. ನಮ್ಮ ಕಡೆ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಹೊರದೇಶದವರಿಗೆ ಮೇಲ್ ಬರೆಯುವಾಗ, ಸಂದರ್ಶನದಲ್ಲಿ, ಪರೀಕ್ಷೆಯಲ್ಲಿ ಇದೇ ಪದ ನಿಮ್ಮ ಮಾತಿನ ಅರ್ಥವನ್ನು ತಲೆಕೆಳಗು ಮಾಡಬಹುದು. ಅದು ಎಲ್ಲಿ, ಹೇಗೆ ಅನ್ನುವುದು ಗೊತ್ತಿದ್ದರೆ ಸಾಕು.

ಶುರು ಮಾಡುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಮೇಲ್ ಅಥವಾ ವಾಟ್ಸಾಪ್ ತೆರೆದು, ನೀವೇ ಇಂಗ್ಲಿಷಿನಲ್ಲಿ ಬರೆದ ಸಂದೇಶಗಳಲ್ಲಿ ‘ಓನ್ಲಿ’ ಪದವನ್ನು ಹುಡುಕಿ. ಸಿಕ್ಕಿದ ಹತ್ತು ವಾಕ್ಯಗಳನ್ನು ಒಂದು ಹಾಳೆಗೆ ಇಳಿಸಿಕೊಳ್ಳಿ. ಪ್ರತಿ ವಾಕ್ಯದ ಪಕ್ಕದಲ್ಲಿ, ಅದನ್ನು ಬರೆಯುವಾಗ ಮನಸ್ಸಿನಲ್ಲಿದ್ದ ಕನ್ನಡ ಮಾತು ಏನು ಅಂತ ಬರೆಯಿರಿ. ಈ ಹಾಳೆ ಕೊನೆಯವರೆಗೂ ಬೇಕು.

ಹಂತ 1: ಪದದ ಮೂಲ ಕೆಲಸ ತಿಳಿದುಕೊಳ್ಳಿ

ವ್ಯಾಕರಣದಲ್ಲಿ ಓನ್ಲಿಯನ್ನು ಕ್ರಿಯಾವಿಶೇಷಣ ಅನ್ನುತ್ತಾರೆ. ಅಂದರೆ ‘ಬೇಗ’, ‘ಮೆಲ್ಲಗೆ’ ಥರದ, ಕ್ರಿಯೆಯ ಬಗ್ಗೆ ಹೇಳುವ ಪದ. ಹೆಸರು ಹಾಗಿದ್ದರೂ ಇದು ಕ್ರಿಯಾಪದಕ್ಕೇ ಅಂಟಿಕೊಂಡಿರುವುದಿಲ್ಲ. ಮನುಷ್ಯರಿಗೆ, ಸಂಖ್ಯೆಗೆ, ಜಾಗಕ್ಕೆ, ಸಮಯಕ್ಕೆ, ಯಾವುದಕ್ಕೆ ಬೇಕಾದರೂ ಹೋಗಿ ಸೇರುತ್ತದೆ. ತಲೆನೋವು ಶುರುವಾಗುವುದೇ ಅಲ್ಲಿ.

ಹಳೆಯ ಇಂಗ್ಲಿಷಿನಲ್ಲಿ ಇದು ‘ಆನ್‌ಲಿಕ್’ ಅನ್ನುವ ಪದವಾಗಿತ್ತು. ‘ಆನ್’ ಅಂದರೆ ಒಂದು, ‘ಲಿಕ್’ ಅಂದರೆ ಹಾಗಿರುವುದು. ಅಂದರೆ ‘ಒಂದೇ ಆಗಿರುವುದು’. ‘ಒನ್’ ಮತ್ತು ‘ಅಲೋನ್’ ಇದರ ನೆಂಟರು. ಓನ್ಲಿ ಮಾಡುವ ಕೆಲಸ ಬೇಲಿ ಹಾಕುವುದು. ಬೇಲಿಯ ಒಳಗಿರುವುದು ಸೇರಿತು, ಹೊರಗಿರುವುದು ಸೇರಲಿಲ್ಲ. ‘ಓನ್ಲಿ ಟೂ ಪೀಪಲ್ ಕೇಮ್’ ಅಂದರೆ ಇಬ್ಬರು ಒಳಗೆ, ಮೂರನೆಯವರು ಇಲ್ಲ. ಇಷ್ಟನ್ನು ನೆನಪಿಟ್ಟುಕೊಳ್ಳಿ.

ಹಂತ 2: ನಿಮ್ಮ ಕನ್ನಡ ವಾಕ್ಯದ ‘ಏ’ ಹಿಡಿಯಿರಿ

ನಿಜವಾದ ಗೊಂದಲ ಇಂಗ್ಲಿಷಿನದಲ್ಲ, ನಮ್ಮ ‘ಏ’ಕಾರದ್ದು. ನಾನೇ, ಇಲ್ಲೇ, ಈಗಲೇ, ಅದೇ, ಬರಲೇ ಇಲ್ಲ. ಶಾಲೆಯ ವ್ಯಾಕರಣದಲ್ಲಿ ಇದಕ್ಕೆ ಅವಧಾರಣೆ ಅನ್ನುತ್ತಿದ್ದರು, ನೆನಪಿದೆಯಾ? ಒಂದು ಮಾತಿಗೆ ಒತ್ತು ಕೊಟ್ಟು ಖಚಿತ ಮಾಡುವುದು ಅಂತ ಅರ್ಥ. ಈ ಒಂದು ಪುಟ್ಟ ಸ್ವರ ಏಳೆಂಟು ಕೆಲಸ ಮಾಡುತ್ತದೆ. ಅದರಲ್ಲಿ ಬೇಲಿ ಹಾಕುವುದು ಒಂದು. ನಾವು ಎಲ್ಲ ಕೆಲಸಕ್ಕೂ ಓನ್ಲಿಯನ್ನೇ ಕಳಿಸುತ್ತೇವೆ.

ಇದು ನಮ್ಮೊಬ್ಬರ ಚಾಳಿಯೂ ಅಲ್ಲ. ಹಿಂದಿಯ ‘ಹೀ’, ತಮಿಳಿನ ‘ತಾನ್’, ತೆಲುಗಿನ ‘ಏ’ ಕೂಡ ಮಾತಿನ ಬಾಲಕ್ಕೆ ಸೇರಿಕೊಂಡು ಇದೇ ಥರ ಒತ್ತು ಕೊಡುತ್ತವೆ. ಹಾಗಾಗಿ ‘ವಿ ಆರ್ ಲೈಕ್ ದಿಸ್ ಓನ್ಲಿ’ ಅನ್ನುವುದು ದೇಶದ ಯಾವ ಮೂಲೆಯಲ್ಲೂ ಓಡುತ್ತದೆ. ನಾವಿರೋದೇ ಹೀಗೆ!

ಪರೀಕ್ಷೆ ಸುಲಭ. ಕನ್ನಡ ವಾಕ್ಯದ ಕೊನೆಗೆ ‘ಅಷ್ಟೇ, ಬೇರೆ ಇಲ್ಲ’ ಅಂತ ಸೇರಿಸಿ ನೋಡಿ. ಸಹಜವಾಗಿ ಕೂತರೆ ಓನ್ಲಿ ಸರಿ. ಕೂರದಿದ್ದರೆ ಬೇರೆ ಪದ ಹುಡುಕಬೇಕು.

‘ಇಬ್ಬರೇ ಬಂದರು. ಅಷ್ಟೇ, ಬೇರೆ ಇಲ್ಲ.’ ಕೂತಿತು. ಓನ್ಲಿ ಟೂ ಪೀಪಲ್ ಕೇಮ್.

‘ಇಲ್ಲೇ ಇದ್ದೀನಿ.’ ನೀವು ಹೇಳುತ್ತಿರುವುದು ‘ಬೇರೆಲ್ಲೂ ಇಲ್ಲ’ ಅಂತಲ್ಲ, ದೂರ ಹೋಗಿಲ್ಲ ಅಂತ. ಆದ್ದರಿಂದ ‘ಐ ಆಮ್ ಹಿಯರ್ ಓನ್ಲಿ’ ಬೇಡ, ‘ಐ ಆಮ್ ರೈಟ್ ಹಿಯರ್’ ಅನ್ನಿ. ‘ಈಗಲೇ ಬನ್ನಿ’ಗೂ ಇದೇ ಔಷಧಿ: ‘ಕಮ್ ರೈಟ್ ನೌ’. ಜಾಗ ಮತ್ತು ಸಮಯದ ‘ಏ’ಗೆ ‘ರೈಟ್’ ಬಹಳ ಕಡೆ ಕೆಲಸಕ್ಕೆ ಬರುತ್ತದೆ.

‘ಅದೇ ಅಂಗಡಿ’ ಅಂದರೆ ನಿನ್ನೆ ಹೋಗಿದ್ದ ಅಂಗಡಿ. ‘ದ ಸೇಮ್ ಶಾಪ್’. ಇಲ್ಲಿ ‘ದ ಓನ್ಲಿ ಶಾಪ್’ ಅಂದರೆ ಊರಿಗೆ ಇರುವುದೊಂದೇ ಅಂಗಡಿ ಅಂತಾಗುತ್ತದೆ. ‘ಅದೇ ನಾನು ಹೇಳಿದ್ದು’ ಅನ್ನುವುದನ್ನು ‘ದಟ್ ಓನ್ಲಿ ಐ ಟೋಲ್ಡ್’ ಅಂತ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅದಕ್ಕೆ ‘ದಟ್ಸ್ ವಾಟ್ ಐ ಸೆಡ್’. ಇನ್ನೂ ಒತ್ತು ಬೇಕಾದರೆ ‘ದಟ್ಸ್ ಎಕ್ಸಾಕ್ಟ್ಲಿ ವಾಟ್ ಐ ಸೆಡ್’.

‘ಅವನು ಬರಲೇ ಇಲ್ಲ.’ ಇದು ಎಲ್ಲಕ್ಕಿಂತ ಕೆಟ್ಟದಾಗಿ ಬೀಳುವ ಜಾಗ. ‘ಹಿ ಡಿಡ್‌ನಾಟ್ ಕಮ್ ಓನ್ಲಿ’ ಅಂದರೆ ಹೊರಗಿನವರಿಗೆ ವಾಕ್ಯ ಅರ್ಧಕ್ಕೆ ನಿಂತ ಹಾಗೆ ಕೇಳಿಸುತ್ತದೆ. ಓನ್ಲಿ ಏನು, ಮುಂದೆ ಹೇಳಿ ಅಂತ ಕಾಯುತ್ತಾರೆ. ಇಲ್ಲ ಅನ್ನುವುದಕ್ಕೆ ಒತ್ತು ಕೊಡುವಾಗ ‘ಅಟ್ ಆಲ್’ ಬಳಸಿ: ‘ಹಿ ಡಿಡ್‌ನಾಟ್ ಕಮ್ ಅಟ್ ಆಲ್’. ‘ನಂಗೆ ಗೊತ್ತೇ ಇಲ್ಲ’ ಅನ್ನುವುದು ‘ಐ ಹ್ಯಾವ್ ನೋ ಐಡಿಯಾ’. ‘ಬಂದೇ ಬರ್ತಾನೆ’ ಅನ್ನುವುದಕ್ಕೆ ‘ಹಿ ವಿಲ್ ಡೆಫಿನೆಟ್ಲಿ ಕಮ್’.

ಪರೀಕ್ಷೆ ಒಂದು ಕಡೆ ಕೈಕೊಡುತ್ತದೆ. ‘ನಾನೇ ಮಾಡಿದೆ’ ಅನ್ನುವಲ್ಲಿ. ‘ಬೇರೆ ಯಾರೂ ಅಲ್ಲ’ ಅಂತ ಸೇರಿಸಿದರೂ ಕೂರುತ್ತದೆ, ಆದರೂ ‘ಓನ್ಲಿ ಐ ಡಿಡ್ ಇಟ್’ ಅಂದರೆ ಉಳಿದವರೆಲ್ಲ ಸುಮ್ನೆ ಕೂತಿದ್ದರು ಅನ್ನುವ ದೂರು ಬಂದುಬಿಡುತ್ತದೆ. ಯಾರ ಸಹಾಯವೂ ಇಲ್ಲದೆ ಅನ್ನುವುದಾದರೆ ‘ಐ ಡಿಡ್ ಇಟ್ ಮೈಸೆಲ್ಫ್’. ಯಾರು ಮಾಡಿದ್ದು ಅಂತ ಕೇಳಿದ್ದಕ್ಕೆ ಉತ್ತರವಾದರೆ ‘ಇಟ್ ವಾಸ್ ಮಿ’. ಹಾಸನದವರ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ‘ನಾನೂ ಹಾಸನದವನೇ’ ಅನ್ನುವಲ್ಲಿ ಬೇಲಿ ಇಲ್ಲ, ಖುಷಿ ಇದೆ. ‘ಐ ಆಮ್ ಫ್ರಮ್ ಹಾಸನ ಟೂ!’ ಅಂದರೆ ಆ ಖುಷಿ ಹಾಗೇ ದಾಟುತ್ತದೆ.

ಹಂತ 3: ಬೇಲಿಯನ್ನು ಸರಿಯಾದ ಜಾಗದಲ್ಲಿ ಹಾಕಿ

ಕನ್ನಡದಲ್ಲಿ ‘ಮಾತ್ರ’ವೂ ‘ಏ’ಯೂ ಪದದ ಹಿಂದೆ, ಅಂದರೆ ಪದ ಆದ ಮೇಲೆ, ಬರುತ್ತವೆ. ಇಂಗ್ಲಿಷಿನಲ್ಲಿ ಓನ್ಲಿ ಸಾಮಾನ್ಯವಾಗಿ ಪದದ ಮುಂದೆ, ಅಂದರೆ ಪದಕ್ಕಿಂತ ಮೊದಲೇ, ನಿಲ್ಲುತ್ತದೆ. ಅಷ್ಟೇ ವ್ಯತ್ಯಾಸ. ಆದರೆ ನಾಲಿಗೆಗೆ ಇದು ಅಭ್ಯಾಸವಾಗಲು ಸಮಯ ಬೇಕು.

ಒಂದು ವಾಕ್ಯ ತೆಗೆದುಕೊಳ್ಳಿ: ‘ರವಿ ನಿನ್ನೆ ಸಂತೆಯಲ್ಲಿ ಟೊಮೆಟೊ ಕೊಂಡ.’ ಇಂಗ್ಲಿಷಿನಲ್ಲಿ ‘ರವಿ ಬಾಟ್ ಟೊಮೆಟೋಸ್ ಅಟ್ ದ ಮಾರ್ಕೆಟ್ ಯೆಸ್ಟರ್ಡೇ’. ಈಗ ಬೇಲಿ ಹಾಕುತ್ತಾ ಹೋಗಿ.

ರವಿ ಮಾತ್ರ ಕೊಂಡ, ಉಳಿದವರು ಕೊಳ್ಳಲಿಲ್ಲ: ಓನ್ಲಿ ರವಿ ಬಾಟ್ ಟೊಮೆಟೋಸ್.
ಟೊಮೆಟೊ ಮಾತ್ರ ಕೊಂಡ, ಈರುಳ್ಳಿ ಇಲ್ಲ: ರವಿ ಬಾಟ್ ಓನ್ಲಿ ಟೊಮೆಟೋಸ್.
ನಿನ್ನೆಯಷ್ಟೇ ಕೊಂಡ, ಅಷ್ಟರಲ್ಲಿ ಖಾಲಿ: ರವಿ ಬಾಟ್ ಟೊಮೆಟೋಸ್ ಓನ್ಲಿ ಯೆಸ್ಟರ್ಡೇ.

ಹಾಗಾದರೆ ‘ರವಿ ಓನ್ಲಿ ಬಾಟ್ ಟೊಮೆಟೋಸ್’ ಅಂದರೆ? ಅಕ್ಷರಶಃ ನೋಡಿದರೆ ‘ಕೊಂಡ ಅಷ್ಟೇ, ಅಡುಗೆಗೆ ಹಾಕಲಿಲ್ಲ’ ಅನ್ನಬಹುದು. ಆದರೆ ಇಂಗ್ಲಿಷ್ ಮನೆಮಾತಿನವರು ‘ಟೊಮೆಟೊ ಮಾತ್ರ’, ‘ನಿನ್ನೆಯಷ್ಟೇ’ ಅನ್ನುವ ಅರ್ಥಗಳಿಗೂ ಓನ್ಲಿಯನ್ನು ಹೀಗೇ ಕ್ರಿಯಾಪದದ ಮುಂದೆ ತಂದು ನಿಲ್ಲಿಸುತ್ತಾರೆ. ಯಾವುದಕ್ಕೆ ಬೇಲಿ ಅನ್ನುವುದನ್ನು ದನಿಯ ಏರಿಳಿತದಲ್ಲಿ ತೋರಿಸುತ್ತಾರೆ. ಹಾಗೆ ಹೇಳುವುದು ತಪ್ಪು ಅಂತ ಕೆಲವು ಮೇಷ್ಟ್ರುಗಳು ಹಟ ಹಿಡಿಯುತ್ತಾರೆ. ಅದು ಅತಿಯಾಯಿತು. ಇಂಗ್ಲಿಷ್ ಬಳಕೆಯ ಬಗ್ಗೆ ಬರೆದ ಹೆನ್ರಿ ಫೌಲರ್ 1926ರಲ್ಲೇ ಈ ಮಡಿವಂತಿಕೆಯನ್ನು ಒಪ್ಪಿರಲಿಲ್ಲ. ಯಾರೋ ವಾರದ ಹಿಂದಷ್ಟೇ ತೀರಿಕೊಂಡರು ಅನ್ನುವಾಗ ಓನ್ಲಿ ಕ್ರಿಯಾಪದದ ಮುಂದೆ ಬಂದರೂ ಕೇಳುವವರು ತಪ್ಪು ತಿಳಿಯುವುದಿಲ್ಲ ಅನ್ನುವುದು ಅವರ ವಾದ.

ನನ್ನ ಸಲಹೆ ಇಷ್ಟು. ಮಾತಾಡುವಾಗ ಕ್ರಿಯಾಪದದ ಮುಂದೆ ಬಂದರೆ ಬರಲಿ. ದುಡ್ಡು, ದಿನಾಂಕ, ಷರತ್ತು ಇರುವ ಬರವಣಿಗೆಯಲ್ಲಿ ಮಾತ್ರ ಬೇಲಿ ಹಾಕಬೇಕಾದ ಪದಕ್ಕೆ ತಾಗಿಸಿ, ಅದರ ಮುಂದೆಯೇ ಇಡಿ. ಕಾಗದಕ್ಕೆ ದನಿ ಇಲ್ಲ, ಅಲ್ವಾ?

ಎಚ್ಚರಿಕೆ: ‘ಐ ಆಮ್ ಆನ್ ಓನ್ಲಿ ಚೈಲ್ಡ್’ ಅಂದರೆ ನನಗೆ ಅಣ್ಣ ತಮ್ಮ ಅಕ್ಕ ತಂಗಿ ಯಾರೂ ಇಲ್ಲ. ‘ಐ ಆಮ್ ಓನ್ಲಿ ಎ ಚೈಲ್ಡ್’ ಅಂದರೆ ನಾನಿನ್ನೂ ಮಗು. ಸಂದರ್ಶನದಲ್ಲಿ ಮನೆಯ ಬಗ್ಗೆ ಕೇಳಿದಾಗ ಎರಡನೆಯದನ್ನು ಹೇಳಿದರೆ ಎದುರಿಗಿದ್ದವರು ನಗು ತಡೆದುಕೊಳ್ಳುವುದು ಕಷ್ಟ.

ಹಂತ 4: ಸಮಯದ ಜೊತೆ ಬಂದರೆ ಎರಡು ಸಲ ಓದಿ

ಈ ಹಂತವನ್ನು ದಯವಿಟ್ಟು ಹಾರಿಸಬೇಡಿ. ನಾನೇ ಬಿದ್ದ ಹಳ್ಳ ಇದು. ವರ್ಷಗಳ ಹಿಂದೆ ಕೆಲಸ ಕೊಟ್ಟವರೊಬ್ಬರಿಗೆ ‘ಐ ವಿಲ್ ಸೆಂಡ್ ಇಟ್ ಓನ್ಲಿ ಟುಮಾರೊ’ ಅಂತ ಬರೆದೆ. ನನ್ನ ಮನಸ್ಸಿನಲ್ಲಿದ್ದದ್ದು ‘ನಾಳೆನೇ ಕಳಿಸ್ತೀನಿ, ಯೋಚನೆ ಬೇಡ’. ಅವರು ಓದಿಕೊಂಡದ್ದು ‘ನಾಳೆಯವರೆಗೆ ಸಿಗಲ್ಲ, ಕಾಯಿರಿ’. ಉತ್ತರ ಸ್ವಲ್ಪ ಖಾರವಾಗಿಯೇ ಬಂತು.

ಯಾಕೆ ಹೀಗಾಗುತ್ತದೆ? ಮುಂದಿನ ಕಾಲದ ಮಾತಿಗೆ ಓನ್ಲಿ ಸೇರಿದರೆ ‘ಅದಕ್ಕಿಂತ ಮೊದಲು ಇಲ್ಲ’ ಅನ್ನುವ ಅರ್ಥ ಬರುತ್ತದೆ. ‘ದ ಬ್ಯಾಂಕ್ ಓಪನ್ಸ್ ಓನ್ಲಿ ಅಟ್ ಟೆನ್’ ಅಂದರೆ ಹತ್ತಕ್ಕೆ ಮುಂಚೆ ಹೋಗಿ ಪ್ರಯೋಜನವಿಲ್ಲ. ನಮ್ಮ ‘ನಾಳೆನೇ’ ಎರಡೂ ಕಡೆ ವಾಲುತ್ತದೆ. ‘ನಾಳೆನೇ ಬಂದುಬಿಡ್ತೀನಿ’ ಅಂದರೆ ಬೇಗ. ‘ಇವತ್ತಾಗಲ್ಲ, ನಾಳೆನೇ ಬರೋದು’ ಅಂದರೆ ತಡ. ಇಂಗ್ಲಿಷಿನ ಓನ್ಲಿ ತಡದ ಕಡೆಗೇ ವಾಲುತ್ತದೆ.

ಬೇಗ ಅನ್ನುವುದಕ್ಕೆ ‘ಬೈ ಟುಮಾರೊ’ ಬರೆಯಿರಿ. ನಾಳೆಯೊಳಗೆ ಅಂತ ಅರ್ಥ, ಗೊಂದಲವಿಲ್ಲ. ‘ಟುಮಾರೊ ಇಟ್‌ಸೆಲ್ಫ್’ ಅನ್ನುವುದು ಭಾರತದಲ್ಲಿ ಓಡುತ್ತದೆ, ಹೊರಗೆ ಅಷ್ಟು ಓಡುವುದಿಲ್ಲ.

ಹಿಂದಿನ ಕಾಲಕ್ಕೆ, ಈಗಿನ ಹೊತ್ತಿಗೆ ಬಂದರೆ ಲೆಕ್ಕ ಬೇರೆ. ‘ಶಿ ಜಾಯಿನ್ಡ್ ಓನ್ಲಿ ಲಾಸ್ಟ್ ವೀಕ್’ ಅಂದರೆ ಹೋದ ವಾರವಷ್ಟೇ ಸೇರಿದ್ದಾಳೆ, ಹೊಸಬಳು. ‘ಇಟ್ಸ್ ಓನ್ಲಿ ಫೈವ್ ಓ ಕ್ಲಾಕ್’ ಅಂದರೆ ಇನ್ನೂ ಐದೇ ಗಂಟೆ, ಸಮಯವಿದೆ. ‘ಈಗ ತಾನೇ ಬಂದೆ’ ಅನ್ನುವುದಕ್ಕೆ ‘ನೌ ಓನ್ಲಿ ಐ ಕೇಮ್’ ಅನ್ನುವವರು ಬಹಳ. ಅದನ್ನು ಬಿಟ್ಟು ‘ಐ ಹ್ಯಾವ್ ಜಸ್ಟ್ ಕಮ್’ ಅನ್ನಿ.

ಹಂತ 5: ‘ಮಾತ್ರ’ವನ್ನೂ ಪೂರ್ತಿ ನಂಬಬೇಡಿ

‘ಏ’ ಆಯಿತು, ‘ಮಾತ್ರ’ವಾದರೂ ನೆಟ್ಟಗಿರುತ್ತದೆ ಅಂದುಕೊಂಡಿದ್ದೀರಾ? ಇಲ್ಲ.

‘ಎಲ್ಲ ರೆಡಿ ಇತ್ತು, ಮಳೆ ಮಾತ್ರ ನಿಲ್ಲಲಿಲ್ಲ.’ ಇಲ್ಲಿ ‘ಮಾತ್ರ’ ಬೇಲಿ ಹಾಕುತ್ತಿಲ್ಲ. ‘ಆದರೆ’ ಅನ್ನುವ ಕೆಲಸ ಮಾಡುತ್ತಿದೆ. ‘ಎವ್ರಿಥಿಂಗ್ ವಾಸ್ ರೆಡಿ, ಬಟ್ ದ ರೇನ್ ಡಿಡ್‌ನಾಟ್ ಸ್ಟಾಪ್.’ ಹಾಗೇ ‘ಊಟ ಮಾತ್ರ ಚೆನ್ನಾಗಿತ್ತು’ ಅನ್ನುವುದು ಎರಡು ಥರ. ಉಳಿದದ್ದೆಲ್ಲ ಕೆಟ್ಟದಾಗಿತ್ತು ಅಂತಲೂ ಆಗಬಹುದು, ಉಳಿದದ್ದು ಏನೇ ಇರಲಿ ಊಟವಂತೂ ಭರ್ಜರಿ ಅಂತಲೂ ಆಗಬಹುದು. ಮದುವೆಮನೆಯವರಿಗೆ ‘ಓನ್ಲಿ ದ ಫುಡ್ ವಾಸ್ ಗುಡ್’ ಅಂತ ಮೆಸೇಜ್ ಕಳಿಸಿದರೆ ಮೊದಲನೆಯ ಅರ್ಥವೇ ತಲುಪುವುದು. ನೆಂಟಸ್ತನ ಉಳಿಯಬೇಕಾದರೆ ‘ದ ಫುಡ್ ವಾಸ್ ರಿಯಲಿ ಗುಡ್’ ಅನ್ನಿ.

ಅಪಾಯದ ವಾಕ್ಯ ಇನ್ನೊಂದಿದೆ. ‘ಅವನಿಗೆ ಮಾತ್ರ ಹೇಳಬೇಡ.’ ಯಾರಿಗೆ ಬೇಕಾದರೂ ಹೇಳು, ಅವನಿಗೆ ಬೇಡ. ಇದನ್ನು ‘ಡೋಂಟ್ ಟೆಲ್ ಓನ್ಲಿ ಹಿಮ್’ ಅಂತ ಮಾಡಿದರೆ ‘ಅವನೊಬ್ಬನಿಗೇ ಹೇಳಿ ಸುಮ್ಮನಾಗಬೇಡ, ಎಲ್ಲರಿಗೂ ಹೇಳು’ ಅಂತಾಗುತ್ತದೆ. ಗುಟ್ಟು ಊರಿಗೆಲ್ಲ ಡಂಗುರ! ಸರಿಯಾದದ್ದು: ‘ವಾಟೆವರ್ ಯು ಡೂ, ಡೋಂಟ್ ಟೆಲ್ ಹಿಮ್.’

ನಿಯಮ ಬೇಕಾದರೆ ಹೀಗೆ ಇಟ್ಟುಕೊಳ್ಳಿ. ‘ಮಾತ್ರ’ದ ಜಾಗದಲ್ಲಿ ‘ಅಷ್ಟೇ’ ಅಥವಾ ‘ಒಬ್ಬನೇ’ ಇಟ್ಟರೂ ಅರ್ಥ ಉಳಿದರೆ ಓನ್ಲಿ. ‘ಅಂತೂ’ ಇಟ್ಟರೆ ಉಳಿಯುತ್ತದೆ ಅಂದರೆ ಓನ್ಲಿ ಬೇಡ.

ಹಂತ 6: ವಾಕ್ಯದ ಶುರುವಿನಲ್ಲಿ ಬಂದರೆ ಕ್ರಮ ತಿರುಗಿಸಿ

ಇದು ಪರೀಕ್ಷೆ ಬರೆಯುವವರಿಗೆ. ‘ಆಗಷ್ಟೇ’, ‘ಬಂದ ಮೇಲೆ ಮಾತ್ರ’ ಥರದ ಮಾತನ್ನು ಓನ್ಲಿಯಿಂದ ಶುರು ಮಾಡಿದರೆ, ಮುಂದೆ ಪ್ರಶ್ನೆ ಕೇಳುವ ಹಾಗೆ ಸಹಾಯಕ ಕ್ರಿಯಾಪದ ಮೊದಲು ಬರಬೇಕು. ಸಹಾಯಕ ಕ್ರಿಯಾಪದ ಅಂದರೆ ಡಿಡ್, ಹ್ಯಾವ್, ಕ್ಯಾನ್ ಥರದವು. ‘ಓನ್ಲಿ ದೆನ್ ಡಿಡ್ ಐ ಅಂಡರ್‌ಸ್ಟ್ಯಾಂಡ್.’ ‘ಓನ್ಲಿ ದೆನ್ ಐ ಅಂಡರ್‌ಸ್ಟುಡ್’ ಅಂತ ಬರೆದರೆ ಅಂಕ ಹೋಗುತ್ತದೆ.

ವಾಕ್ಯ ಉದ್ದವಿದ್ದಾಗ ತಿರುಗಿಸಬೇಕಾದದ್ದು ಎರಡನೆಯ ಭಾಗ. ‘ಓನ್ಲಿ ಆಫ್ಟರ್ ದ ರೇನ್ ಸ್ಟಾಪ್ಡ್ ಡಿಡ್ ವಿ ಲೀವ್.’ ಮಳೆ ನಿಂತ ಮೇಲಷ್ಟೇ ಹೊರಟೆವು. ‘ನಾಟ್ ಓನ್ಲಿ’ ಮೊದಲು ಬಂದಾಗಲೂ ಹೀಗೇ: ‘ನಾಟ್ ಓನ್ಲಿ ಡಿಡ್ ಹಿ ಕಮ್ ಲೇಟ್, ಹಿ ಆಲ್ಸೋ ಫರ್ಗಾಟ್ ದ ಕೀ.’ ಬೇಲಿ ಬಿದ್ದಿರುವುದು ಕೆಲಸ ಮಾಡಿದವರಿಗೇ ಆದರೆ ತಿರುಗಿಸಬೇಡಿ. ‘ಓನ್ಲಿ ರವಿ ಕೇಮ್’ ಹಾಗೇ ಇರಲಿ. ತಲೆ ಕೆಟ್ಟರೆ ಓನ್ಲಿಯನ್ನು ನಡುವೆ ಇಟ್ಟುಬಿಡಿ: ‘ವಿ ಲೆಫ್ಟ್ ಓನ್ಲಿ ಆಫ್ಟರ್ ದ ರೇನ್ ಸ್ಟಾಪ್ಡ್.’ ಅರ್ಥ ಅದೇ, ಅಪಾಯ ಇಲ್ಲ.

ಹಂತ 7: ಜೋಡಿ ಪದಗಳು

ನಾಲ್ಕನ್ನು ಗುರುತಿಟ್ಟುಕೊಂಡರೆ ಸಾಕು.

‘ಓನ್ಲಿ ಇಫ್’ ಷರತ್ತು. ‘ಫೀಸ್ ಕಟ್ಟಿದರೆ ಮಾತ್ರ ಹಾಲ್ ಟಿಕೆಟ್.’ ಗಮನಿಸಿ, ಕಟ್ಟಿದರೆ ಕೊಟ್ಟೇ ಕೊಡುತ್ತೇವೆ ಅಂತ ಇದು ಹೇಳುವುದಿಲ್ಲ. ಕಟ್ಟದಿದ್ದರೆ ಇಲ್ಲ ಅನ್ನುವುದಷ್ಟೇ ಖಚಿತ. ಬಾಡಿಗೆ ಕರಾರು, ಕೆಲಸದ ಕರಾರು ಓದುವಾಗ ಈ ಸೂಕ್ಷ್ಮ ನೆನಪಿರಲಿ.

‘ಇಫ್ ಓನ್ಲಿ’ ಹಳಹಳಿಕೆ. ‘ಇಫ್ ಓನ್ಲಿ ಐ ಹ್ಯಾಡ್ ಸ್ಟಡೀಡ್!’ ಓದಿದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಪದ ಅವೇ, ಕ್ರಮ ಬದಲು, ಅರ್ಥ ಪೂರಾ ಬೇರೆ.

‘ಓನ್ಲಿ ಟು’ ಬಂದರೆ ನಿರಾಸೆ. ‘ಐ ವೆಂಟ್ ದೇರ್ ಓನ್ಲಿ ಟು ಫೈಂಡ್ ಇಟ್ ಕ್ಲೋಸ್ಡ್.’ ಅಷ್ಟು ದೂರ ಹೋದರೆ ಬಾಗಿಲು ಹಾಕಿತ್ತು. ‘ಮುಚ್ಚಿರುವುದನ್ನು ನೋಡುವುದಕ್ಕೋಸ್ಕರ ಹೋದೆ’ ಅಂತ ಅರ್ಥ ಮಾಡಬೇಡಿ.

‘ಓನ್ಲಿ ಟೂ ಹ್ಯಾಪಿ’ ಅಂದರೆ ತುಂಬಾ ಖುಷಿ. ಇಲ್ಲಿ ಬೇಲಿ ಹುಡುಕಲು ಹೋಗಬೇಡಿ.

ಹಂತ 8: ಕೊನೆಯಲ್ಲಿದ್ದರೂ ಸರಿಯಾಗಿರುವ ಕಡೆಗಳು

ಇಷ್ಟು ಓದಿದ ಮೇಲೆ ಕೆಲವರು ಸಿಕ್ಕಸಿಕ್ಕ ಕಡೆ ಬಾಲದ ಓನ್ಲಿಯನ್ನು ಕತ್ತರಿಸಲು ಹೊರಡುತ್ತಾರೆ. ತಾಳಿ. ಬೋರ್ಡುಗಳಲ್ಲಿ ಅದು ಹಿಂದೆಯೇ ಬರುತ್ತದೆ: ‘ಸ್ಟಾಫ್ ಓನ್ಲಿ’, ‘ಕ್ಯಾಶ್ ಓನ್ಲಿ’, ‘ಫಾರ್ ವಿಮೆನ್ ಓನ್ಲಿ’. ಬಸ್ಸಿನಲ್ಲಿ ‘ಮಹಿಳೆಯರಿಗೆ ಮಾತ್ರ’ ಅಂತ ಇರುವ ಕ್ರಮವೇ ಇಂಗ್ಲಿಷಿನಲ್ಲೂ ಇದೆ. ಇದು ತಪ್ಪು ಇಂಗ್ಲಿಷ್ ಅಲ್ಲ.

ಚೆಕ್ಕಿನ ಮೇಲೆ ‘ರುಪೀಸ್ ಫೈವ್ ಹಂಡ್ರೆಡ್ ಓನ್ಲಿ’ ಬರೆಯುವುದು ಯಾಕೆ ಅಂತ ಬಹಳ ಜನ ಕೇಳಿದ್ದೀರಿ. ಐನೂರು ಸಣ್ಣ ಮೊತ್ತ ಅಂತಲ್ಲ. ಐದು ಲಕ್ಷಕ್ಕೂ ಓನ್ಲಿ ಬರೆಯುತ್ತೇವೆ. ಮೊತ್ತ ಇಲ್ಲಿಗೆ ಮುಗಿಯಿತು, ಮುಂದೆ ಯಾರೂ ಇನ್ನೊಂದು ಪದ ಸೇರಿಸುವ ಹಾಗಿಲ್ಲ ಅಂತ ಹಾಕುವ ಬೇಲಿ ಅದು. ನಮ್ಮ ರಸೀದಿಗಳಲ್ಲಿ ‘ಐದು ನೂರು ರೂಪಾಯಿಗಳು ಮಾತ್ರ’ ಅಂತ ಬರೆಯುವುದೂ ಅದಕ್ಕೇ. ಮೊತ್ತಕ್ಕೂ ಓನ್ಲಿಗೂ ನಡುವೆ ಖಾಲಿ ಜಾಗ ಬಿಟ್ಟರೆ ಬೇಲಿ ಹಾಕಿಯೂ ಪ್ರಯೋಜನವಿಲ್ಲ.

ಹಂತ 9: ಈಗ ಹಾಳೆ ತೆಗೆಯಿರಿ

ನಿಮ್ಮ ಹತ್ತು ವಾಕ್ಯಗಳನ್ನು ಒಂದೊಂದಾಗಿ ಬೇಲಿ ಪರೀಕ್ಷೆಗೆ ಹಾಕಿ. ಸ್ನೇಹಿತರಿಗೆ ಬರೆದವನ್ನು ಹಾಗೇ ಬಿಡಿ. ಆಫೀಸಿನವನ್ನು ತಿದ್ದಿ. ಅದಕ್ಕೆ ಮೊದಲು ಕೈ ಪಳಗಲಿ ಅಂತ ನಾಲ್ಕು ಕನ್ನಡ ವಾಕ್ಯ ಕೊಡುತ್ತೇನೆ. ಉತ್ತರ ನೋಡದೆ ಇಂಗ್ಲಿಷಿಗೆ ತನ್ನಿ.

ಅ) ಅವನು ಫೋನೇ ಎತ್ತಲ್ಲ.
ಆ) ಐದೇ ನಿಮಿಷ, ಬಂದೆ.
ಇ) ದುಡ್ಡು ಬಂದ ಮೇಲೇ ಕೆಲಸ ಶುರು.
ಈ) ಬಸ್ ಇಲ್ಲೇ ನಿಲ್ಲುತ್ತೆ.

ಮೊದಲನೆಯದಕ್ಕೆ ಓನ್ಲಿ ಬೇಡ: ‘ಹಿ ಡಸ್‌ನಾಟ್ ಆನ್ಸರ್ ದ ಫೋನ್ ಅಟ್ ಆಲ್’. ಎರಡನೆಯದಕ್ಕೆ ‘ಜಸ್ಟ್ ಫೈವ್ ಮಿನಿಟ್ಸ್’ ಹೆಚ್ಚು ಸಹಜ, ಓನ್ಲಿ ಅಂದರೂ ತಪ್ಪಿಲ್ಲ. ಮೂರನೆಯದಕ್ಕೆ ಓನ್ಲಿ ಬೇಕೇ ಬೇಕು: ‘ವಿ ವಿಲ್ ಸ್ಟಾರ್ಟ್ ಓನ್ಲಿ ಆಫ್ಟರ್ ವಿ ಗೆಟ್ ದ ಮನಿ’. ನಾಲ್ಕನೆಯದಕ್ಕೆ ಉತ್ತರ ಎರಡು. ನಿಲ್ದಾಣ ಎಲ್ಲಿ ಅಂತ ಹುಡುಕುತ್ತಿರುವವರಿಗೆ ‘ದ ಬಸ್ ಸ್ಟಾಪ್ಸ್ ರೈಟ್ ಹಿಯರ್’. ಮುಂದಿನ ಸ್ಟಾಪಿನಲ್ಲಿ ಹತ್ತುತ್ತೇನೆ ಅಂತ ನಡೆದು ಹೊರಟವರಿಗೆ ‘ದ ಬಸ್ ಸ್ಟಾಪ್ಸ್ ಓನ್ಲಿ ಹಿಯರ್’.